‘ಎರಡನೇ ಸಾಲು’: ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಒಂದೇ ಸಲ ಉತ್ತರ

ನನ್ನ ಮೊದಲ ಸೋಲೋ ಆಲ್ಬಂ ‘ಎರಡನೇ ಸಾಲು’ ಹೊರಗೆ ಬಂದು ಒಂದು ತಿಂಗಳಾಯ್ತು. ಚಿತ್ರದುರ್ಗದ ಸಂತೆಯಲ್ಲಿ ಸೊಪ್ಪು ತಗೊಳ್ಳೋವಾಗ, ದಾವಣಗೆರೆ ಬಸ್ಸಿನಲ್ಲಿ, ನೆಂಟರ ಗೃಹಪ್ರವೇಶದಲ್ಲಿ ಎಲೆ ಮುಂದೆ ಕೂತಾಗ ಕೂಡ ಅವೇ ಪ್ರಶ್ನೆಗಳು. ಅನ್ನ ಆರೋದ್ರೊಳಗೆ ಪೂರ್ತಿ ಉತ್ತರ ಹೇಳೋಕೆ ಆಗಲ್ಲ. ಅದಕ್ಕೆ ಇಲ್ಲಿ ಬರೆದಿಟ್ಟಿದ್ದೀನಿ. ಪ್ರಶ್ನೆಗಳು ಜನ ಕೇಳಿದ ಹಾಗೇ ಇವೆ, ನಾನು ತಿದ್ದಿಲ್ಲ.

‘ಎರಡನೇ ಸಾಲು’ ಅಂತೆ! ಮೊದಲನೇ ಸಾಲು ಎಲ್ಲಿಗೆ ಹೋಯ್ತು?

ಈ ತಮಾಷೆಯನ್ನ ನಮ್ಮ ಚಿಕ್ಕಪ್ಪ ಒಬ್ಬರೇ ಹನ್ನೆರಡು ಸಲ ಮಾಡಿದ್ದಾರೆ. ಆದ್ರೂ ಉತ್ತರ ಇದೆ.

ನಮ್ಮ ಕಡೆ ಹೆಂಗಸರು ಬೀಸುವಾಗ, ಮದುವೆ ಮನೆಯಲ್ಲಿ, ತೊಟ್ಟಿಲು ತೂಗುವಾಗ ಹಾಡೋ ಪದಗಳಲ್ಲಿ ಬಹಳಷ್ಟು ತ್ರಿಪದಿ. ಹೆಸರೇ ಹೇಳೋ ಹಾಗೆ ಮೂರು ಸಾಲು. ಮೊದಲ ಸಾಲಿಗೆ 4 ಗಣ (ಗಣ ಅಂದ್ರೆ ಅಕ್ಷರಗಳ ಗುಂಪು), ಎರಡನೇದಕ್ಕೆ 4, ಮೂರನೇದಕ್ಕೆ 3, ಒಟ್ಟು 11. ಆರನೇ ಗಣ ಮತ್ತು ಹತ್ತನೇ ಗಣ ಸ್ವಲ್ಪ ಗಿಡ್ಡ, ಉಳಿದವು ಉದ್ದ. ಇದು ಪುಸ್ತಕದ ಲೆಕ್ಕ. ಬಾಯಲ್ಲಿ ಹಾಡೋವಾಗ ಲೆಕ್ಕ ಬೇರೆ. ಎರಡನೇ ಸಾಲಿನ ಮುಂಭಾಗವನ್ನ ಒಂದು ಸಲ ಹಾಡಿ ನಿಲ್ಲಿಸ್ತಾರೆ. ಉಸಿರು ತಗೊಂಡು ಅದನ್ನೇ ಮತ್ತೆ ಎತ್ತಿಕೊಂಡು, ಬಾಲದ ಹಾಗೆ ಇರೋ ಕೊನೆ ಮಾತನ್ನ ಸೇರಿಸಿ, ಅಲ್ಲಿಂದ ಮೂರನೇ ಸಾಲಿಗೆ ಇಳೀತಾರೆ. ಹಾಗಾಗಿ ಕಾಗದದ ಮೇಲಿನ ಮೂರು ಸಾಲು ಕಿವಿಗೆ ನಾಲ್ಕಾಗಿ ಕೇಳುತ್ತೆ. ಆಲ್ಬಂನ ಐದನೇ ಹಾಡಿನಿಂದ ಒಂದು ಪದ (ಮಾರಿಕಣಿವೆ ಅನ್ನೋದು ನಮ್ಮ ಕಡೆಯ ಅಣೆಕಟ್ಟು):

ಮಾರಿಕಣಿವೇಲಿ ನೀರು ತುಂಬಿತು ಅಂತ
ಊರೆಲ್ಲ ಹೋಯ್ತು ನೋಡಾಕೆ, ನಮ್ಮವ್ವ
ಆರಿದ ಒಲೆಯ ಊದ್ಯಾಳು

‘ಊರೆಲ್ಲ ಹೋಯ್ತು ನೋಡಾಕೆ’ ಅಂತ ಮೊದಲ ಸಲ ಹಾಡಿದಾಗ ಅದು ಊರಿನ ಸುದ್ದಿ. ಎರಡನೇ ಸಲ ‘ನಮ್ಮವ್ವ’ ಬಂದು ಸೇರಿಕೊಂಡ ತಕ್ಷಣ, ಹೋಗದೇ ಉಳಿದವಳ ಸುದ್ದಿ. ಮಾತು ಅದೇ, ಆದ್ರೆ ನೋಟ ತಿರುಗಿತು. ಹಾಡು ಬರೆಯೋಕೆ ಶುರು ಮಾಡಿ ಎಂಟು ವರ್ಷ ಆದಮೇಲೆ ಈ ಕೀಲು ನನ್ನ ಕಣ್ಣಿಗೆ ಬಿತ್ತು. ಅಜ್ಜಿಗೆ ಹೇಳಿದ್ರೆ, ‘ಹಾಡಾಕೆ ಬಂದ್ರೆ ಸಾಕು, ಎಣಿಸೋದು ಯಾಕೆ’ ಅಂದ್ರು.

ಇವು ಜಾನಪದ ಗೀತೆಗಳಾ? ಯಾವ ಊರಿನವು?

ಅಲ್ಲ. ಈ ಒಂದು ಉತ್ತರಕ್ಕಾಗಿಯೇ ಇಷ್ಟೆಲ್ಲ ಬರೆಯೋಕೆ ಕೂತಿದ್ದು ಅಂದರೂ ಸರಿ.

ಒಂಬತ್ತು ಹಾಡಿನ ಮಾತೂ ನಾನು ಬರೆದಿದ್ದು, ರಾಗವೂ ನಾನು ಹಾಕಿದ್ದು. ಅಳತೆ ಮಾತ್ರ ಹಳೇದು. ಬಾದಾಮಿಯಲ್ಲಿ ಬಂಡೆಗೆ ಕೆತ್ತಿರೋ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿ ಇದೆ, ಅದು ಸುಮಾರು ಕ್ರಿ.ಶ. 700ರದ್ದು. ಅಂದ್ರೆ ಈ ಅಳತೆಗೆ 1300 ವರ್ಷ. ಅಷ್ಟು ಹಳೇ ಸೇರಿನಲ್ಲಿ ಈ ವರ್ಷದ ರಾಗಿ ಅಳೆದಿದ್ದೀನಿ. ಸೇರು ಹಳೇದು ಅಂತ ರಾಗಿಯನ್ನೂ ಹಳೇದು ಅನ್ನೋಕಾಗುತ್ತಾ?

ಇದು ಯಾಕೆ ಮುಖ್ಯ ಅಂದ್ರೆ, ‘ಜಾನಪದ’ ಅಂತ ಚೀಟಿ ಅಂಟಿಸಿದ ಕೂಡಲೇ ಎರಡು ಅನ್ಯಾಯ ಆಗುತ್ತೆ. ಒಂದು, ನಾನು ಬರೆದ ತಪ್ಪು ಸಾಲನ್ನೂ ಜನಪದರ ತಲೆಗೆ ಕಟ್ಟಿದ ಹಾಗೆ. ಇನ್ನೊಂದು ಅದಕ್ಕಿಂತ ದೊಡ್ಡದು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಶಾಲೆ ಮೆಟ್ಟಿಲು ಹತ್ತದೆ ಸಾವಿರಾರು ಪದಗಳನ್ನ ಕಂಠದಲ್ಲಿ ಇಟ್ಟುಕೊಂಡಿದ್ದವರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. ಅಂಥವರು ಹಾಡಿದ್ದು ಜಾನಪದ. ಗಿಟಾರ್ ಹಿಡಿದು, ಲ್ಯಾಪ್‌ಟಾಪ್ ಮುಂದೆ ಕೂತು, ಒಂದು ಸಾಲನ್ನ ನಲವತ್ತು ಸಲ ಹಾಡಿ ಒಳ್ಳೇದನ್ನ ಆರಿಸಿಕೊಳ್ಳೋ ನನ್ನ ಕೆಲಸಕ್ಕೂ ಅದೇ ಹೆಸರು ಕೊಟ್ಟರೆ ಅವರ ಕೆಲಸಕ್ಕೆ ಏನು ಉಳೀತು?

ಫೋಕ್-ಪಾಪ್ ಅನ್ನಿ, ಬೇಜಾರಿಲ್ಲ. ಹಾಡು ಅಂದರೆ ಇನ್ನೂ ಖುಷಿ. ಮುಂದೊಂದು ದಿನ ಯಾರೋ ಹೊಲದಲ್ಲಿ ಕಳೆ ಕೀಳ್ತಾ ನನ್ನ ಸಾಲು ಹಾಡಿ, ‘ಯಾರು ಕಟ್ಟಿದ್ದೋ ಗೊತ್ತಿಲ್ಲ’ ಅಂದರೆ ಅವತ್ತು ಅದು ಜಾನಪದ ಆಯ್ತು ಅಂತ. ಅದಕ್ಕೆ ನನ್ನ ಹೆಸರು ಉದುರಬೇಕು. ಸದ್ಯಕ್ಕೆ ಕವರ್ ಮೇಲೆ ದೊಡ್ಡದಾಗಿ ಹಾಕಿಸಿಕೊಂಡಿದ್ದೀನಿ!

ಬ್ಯಾಂಡ್ ಯಾಕೆ ಬಿಟ್ರಿ? ಜಗಳಾನಾ?

ಇಲ್ಲ. ಬೆಂಗಳೂರಿನ ಬಾಡಿಗೆ. ಆರು ಜನರಲ್ಲಿ ನಾಲ್ಕು ಜನ ಈಗಲೂ ವಾಟ್ಸಾಪ್‌ನಲ್ಲಿ ಗುಡ್ ಮಾರ್ನಿಂಗ್ ಕಳಿಸ್ತಾರೆ, ಉಳಿದಿಬ್ಬರು ಮೊದಲೂ ಕಳಿಸ್ತಿರಲಿಲ್ಲ.

ಸೋಲೋ ಅಂದ್ರೆ ಎಲ್ಲಾ ನೀವೇ ನುಡಿಸಿದ್ದಾ?

ಹಾಡಿದ್ದು, ಗಿಟಾರ್, ಹಾರ್ಮೋನಿಯಂ, ಬೀಸೋಕಲ್ಲು ನಾನು. ತಮಟೆ, ಉರುಮೆ ನುಡಿಸಿದವರು ಜಾತ್ರೆಗಳಲ್ಲಿ ನುಡಿಸೋ ಕಲಾವಿದರು. ಅವರ ಹೆಸರು ಪ್ರತಿ ಹಾಡಿನ ಕೆಳಗೆ ಇದೆ, ದಯವಿಟ್ಟು ಓದಿ.

ತಮಟೆ ರೆಕಾರ್ಡ್ ಮಾಡೋದು ಹೇಗೆ ಅಂತ ಸ್ಟುಡಿಯೋದವರು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಅದು ಚರ್ಮ. ಬೆಂಕಿಗೆ ಹಿಡಿದರೆ ಬಿಗಿಯಾಗುತ್ತೆ, ದನಿ ಏರುತ್ತೆ. ತಣ್ಣಗಾದರೆ ಸಡಿಲ, ದನಿ ಇಳಿಯುತ್ತೆ. ಮಳೆಗಾಲದಲ್ಲಂತೂ ಗಳಿಗೆಗೊಂದು ದನಿ. ನಾವು ರೆಕಾರ್ಡ್ ಮಾಡಿದ್ದು ಆಷಾಢದಲ್ಲಿ, ಬುದ್ಧಿ ಇದ್ದೋರು ಮಾಡೋ ಕೆಲಸ ಅಲ್ಲ. ಹಿತ್ತಲಲ್ಲಿ ತೆಂಗಿನ ಗರಿ ಹೊತ್ತಿಸಿ, ತಮಟೆ ಕಾಯಿಸಿ, ಓಡಿ ಬಂದು ನುಡಿಸೋದು. ಮೂರು ನಿಮಿಷ ಆಗೋಷ್ಟರಲ್ಲಿ ಇಳಿಯೋಕೆ ಶುರು. ಮತ್ತೆ ಹಿತ್ತಲು. ಒಂದು ಹಾಡಿಗೆ ಹದಿಮೂರು ಸಲ ಹೋಗಿ ಬಂದ್ವಿ. ಪಕ್ಕದ ಮನೆ ಆಂಟಿ ಗೋಡೆ ಮೇಲಿಂದ ಬಗ್ಗಿ ನೋಡಿ, ‘ಏನಮ್ಮಾ, ಯಾರಾದ್ರೂ...’ ಅಂತ ಅರ್ಧಕ್ಕೆ ನಿಲ್ಲಿಸಿದ್ರು. ಇಲ್ಲ ಆಂಟಿ, ಎಲ್ಲರೂ ಚೆನ್ನಾಗಿದ್ದೀವಿ, ರೆಕಾರ್ಡಿಂಗು ಅಂದೆ.

ಮೊದಲ ಹಾಡಿನ ಆರಂಭದಲ್ಲಿ ಚಟಪಟ ಅನ್ನೋದು ಆ ಗರಿ ಉರಿಯೋ ಸದ್ದು. ಮಳೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ.

ನಮ್ಮ ಕಡೆ ಹಾಡು ಅಂತೀರಿ, ಗಣೆ ಎಲ್ಲಿ?

ಚಳ್ಳಕೆರೆ, ಹಿರಿಯೂರು ಕಡೆಯವರು ಮಾತ್ರ ಕೇಳೋ ಪ್ರಶ್ನೆ ಇದು. ಗೊತ್ತಿಲ್ಲದವರಿಗೆ: ಗಣೆ ಅಂದ್ರೆ ಉದ್ದನೆಯ ಬಿದಿರಿನ ಕೊಳಲು. ಕಾಡುಗೊಲ್ಲರು ತಮ್ಮ ದೈವ ಜುಂಜಪ್ಪನ ಕಾವ್ಯ ಹಾಡುವಾಗ ಊದುವ ವಾದ್ಯ.

ಅದರ ದನಿಗೆ ನಾನು ಸೋತವಳೇ. ಬೇಕು ಅಂತ ಒಂದು ಹಟ್ಟಿಗೆ ಹೋಗಿ ಹಿರಿಯರೊಬ್ಬರನ್ನ ಕೇಳಿದೆ. ಅವರು ಕಾಫಿ ಕೊಟ್ಟು ಪೂರ್ತಿ ಕೇಳಿಸಿಕೊಂಡು, ‘ಜುಂಜಪ್ಪನ ಕಥೆಗೆ ಊದೋದು ತಾಯಿ, ಬೇರೆದಕ್ಕೆ ನಾನು ಊದಲ್ಲ’ ಅಂದ್ರು. ಅಷ್ಟೇ. ಬೇರೆ ಯಾರನ್ನಾದ್ರೂ ಹುಡುಕಿ ದುಡ್ಡು ಕೊಟ್ಟು ಊದಿಸಬಹುದಿತ್ತು. ಕಂಪ್ಯೂಟರಿನಲ್ಲಿ ಹತ್ತಿರದ ಸದ್ದು ಮಾಡಬಹುದು ಅಂತ ಮಿಕ್ಸ್ ಮಾಡಿದ ಗೆಳೆಯ ಹೇಳಿದ. ಬೇಡ ಅಂದೆ. ಆರನೇ ಹಾಡಿನ ನಡುವೆ ಎಂಟು ಸೆಕೆಂಡ್ ಬರೀ ಗಾಳಿ ಇದೆ. ಗಣೆ ಬರಬೇಕಿದ್ದ ಜಾಗ ಅದು, ಹಾಗೇ ಬಿಟ್ಟಿದ್ದೀನಿ.

ಎಲ್ಲಿ ರೆಕಾರ್ಡ್ ಮಾಡಿದ್ದು? ದುರ್ಗದಲ್ಲಿ ಅಂಥ ಸ್ಟುಡಿಯೋ ಇದೆಯಾ?

ನಮ್ಮ ಮನೆಯ ಹಿಂದಿನ ರೂಮು. ಹತ್ತಡಿಗೆ ಹನ್ನೊಂದಡಿ, ಮೊದಲು ಈರುಳ್ಳಿ ಹರಡುತ್ತಿದ್ದ ರೂಮು. ಖಾಲಿ ಗೋಡೆ ಇದ್ದರೆ ದನಿ ಡಬ್ಬಿಯೊಳಗೆ ಹಾಡಿದ ಹಾಗೆ ಕೇಳುತ್ತೆ. ಸ್ಟುಡಿಯೋಗಳಲ್ಲಿ ಫೋಮ್ ಅಂಟಿಸ್ತಾರೆ. ನಾನು ರೇಟು ವಿಚಾರಿಸಿ ಸುಮ್ಮನಾಗಿ, ಚಳ್ಳಕೆರೆ ಕಂಬಳಿ ನೇತುಹಾಕಿದೆ. ಉಣ್ಣೆ ಸದ್ದನ್ನ ಚೆನ್ನಾಗಿ ಹೀರುತ್ತೆ. ಗೋಡೆಗೆ ಒತ್ತಿ ಕಟ್ಟಬೇಡಿ, ಒಂದು ಗೇಣು ಮುಂದಕ್ಕೆ ತೂಗುಬಿಡಿ, ಇನ್ನೂ ಚೆನ್ನಾಗಿ ಹೀರುತ್ತೆ. ಆದರೆ ಕಂಬಳಿ ತಡೆಯೋದು ಚುರುಕು ದನಿಯನ್ನ ಮಾತ್ರ. ‘ಗುಂಯ್’ ಅನ್ನೋ ದಪ್ಪ ದನಿ ಅದನ್ನ ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ. ಅದಕ್ಕೆ ನಾಲ್ಕೂ ಮೂಲೆಗೆ ಹತ್ತಿ ಹಾಸಿಗೆ ಸುರುಳಿ ಸುತ್ತಿ ನಿಲ್ಲಿಸಿದ್ವಿ. ನೆಂಟರು ಬಂದಾಗ ಹಾಸಿಗೆ ಆಚೆ ಹೋಗೋದು, ಅವತ್ತು ರೆಕಾರ್ಡಿಂಗ್‌ಗೆ ರಜ.

ಹಗಲು ಬೋರಿನ ಮೋಟಾರು, ಮಿಕ್ಸಿ, ‘ಹಳೇ ಕಬ್ಬಿಣಾ’ದವನ ಮೈಕು. ಹಾಗಾಗಿ ಹಾಡಿದ್ದೆಲ್ಲ ರಾತ್ರಿ ಹನ್ನೊಂದರ ಮೇಲೆ. ಆಗ ಗಾಳಿ ಶುರು. ದುರ್ಗದ ಗಾಳಿ ಗೊತ್ತಲ್ಲ, ಆಷಾಢದಲ್ಲಿ ಕಿಟಕಿ ಸಂದಿಯಲ್ಲಿ ಸಿಳ್ಳೆ ಹಾಕುತ್ತೆ. ಸಂದಿಗೆ ಬಟ್ಟೆ ತುರುಕಿದ್ದಾಯ್ತು, ಪೇಪರ್ ಅಂಟಿಸಿದ್ದಾಯ್ತು, ಕೊನೆಗೆ ಸಿಳ್ಳೆ ಯಾವ ಸ್ವರದಲ್ಲಿದೆ ಅಂತ ನೋಡಿ ನಾಲ್ಕನೇ ಹಾಡಿನ ಶ್ರುತಿಯನ್ನೇ ಅದಕ್ಕೆ ಬದಲಾಯಿಸಿದ್ದಾಯ್ತು.

ಏಳನೇ ಹಾಡಿನಲ್ಲಿ ‘ವುಶ್... ವುಶ್...’ ಅಂತ ಏನದು?

ಗಾಳಿ ಫ್ಯಾನು. ಗುಡ್ಡದ ಸಾಲಿನ ಮೇಲೆ ತಿರುಗುತ್ತಲ್ಲ, ಹೈವೇನಲ್ಲಿ ಬರೋವಾಗ ಮಕ್ಕಳು ಎಣಿಸೋದು. ದೂರದಿಂದ ನೋಡಿದರೆ ಸದ್ದೇ ಇಲ್ಲದ ಹಾಗೆ ಕಾಣುತ್ತೆ. ಬುಡದ ಹೊಲದಲ್ಲಿ ನಿಂತು ಕೇಳಿ. ಮೂರು ರೆಕ್ಕೆ, ಒಂದು ಸುತ್ತಿಗೆ ಮೂರು ಸಲ ಗಾಳಿ ಸೀಳುತ್ತೆ. ಮೂರು ಸಾಲಿನ ಪದಕ್ಕೆ ಮೂರು ರೆಕ್ಕೆಯ ತಾಳ, ಕೇಳದೇ ಸಿಕ್ಕ ಹಿಮ್ಮೇಳ.

ಕಷ್ಟ ಏನಂದ್ರೆ ಗಾಳಿ ನನ್ನ ಲಯ ಕೇಳಲ್ಲ. ಏರುತ್ತೆ, ಇಳಿಯುತ್ತೆ. ಒಂದೇ ಹದದಲ್ಲಿ ಬೀಸಿದ ರಾತ್ರಿಗಾಗಿ ನಾಲ್ಕು ಸಲ ಹೋದ್ವಿ. ಹೊಲದವರು ಮೊದಲ ಸಲ ಕಳ್ಳರು ಅಂತ ಟಾರ್ಚ್ ಬಿಟ್ಟರು, ನಾಲ್ಕನೇ ಸಲ ಶೇಂಗಾ ಹುರಿದು ಕೊಟ್ಟರು.

ಆಟೋಟ್ಯೂನ್ ಹಾಕಿದ್ದೀರಾ? ನಿಜ ಹೇಳಿ.

ತಪ್ಪಿದ ಸ್ವರವನ್ನ ತಿದ್ದೋ ಸಾಫ್ಟ್‌ವೇರ್ ಅದು. ಎರಡು ಕಡೆ ಹಾಕಿದ್ದೀನಿ, ಎಲ್ಲಿ ಅಂತ ಹೇಳಲ್ಲ. ಆದರೆ ಬೀಸೋ ಪದದ ಧಾಟಿ ಇರೋ ಮೂರು ಹಾಡಿಗೆ ಹಾಕೋಕೇ ಬರಲಿಲ್ಲ. ಅಜ್ಜಿ ಹಾಡೋವಾಗ ಗಾಂಧಾರ ಹಾರ್ಮೋನಿಯಂನ ಎರಡು ಮನೆಗಳ ನಡುವೆ ಎಲ್ಲೋ ನಿಲ್ಲುತ್ತೆ. ಆಟೋಟ್ಯೂನ್ ಅದನ್ನ ಎಳೆದು ಒಂದು ಮನೆಯೊಳಗೆ ಕೂರಿಸುತ್ತೆ. ಕೂರಿಸಿದ ತಕ್ಷಣ ಅದು ಅಜ್ಜಿ ಪದ ಹೋಗಿ ಶಾಲೆಯ ಪ್ರಾರ್ಥನೆ ಆಗಿಬಿಡುತ್ತೆ. ಗಿಟಾರಿನಲ್ಲೂ ಆ ಮನೆ ಇಲ್ಲ. ಹಾಗಾಗಿ ಆ ಸ್ವರ ಬರೋ ಕಡೆ ಗಿಟಾರಿನಲ್ಲಿ ಬರೀ ಷಡ್ಜ-ಪಂಚಮ ಮೀಟಿ ಸುಮ್ಮನಿದ್ದೀನಿ.

ಲಯದ ಕತೆಯೂ ಇದೇ. ಕಿವಿಗೆ ಟಿಕ್ ಟಿಕ್ ಹಾಕಿಕೊಂಡು ಹಾಡೋದು ರೆಕಾರ್ಡಿಂಗ್‌ನ ಪದ್ಧತಿ. ಬೀಸೋಕಲ್ಲಿಗೆ ಟಿಕ್ ಟಿಕ್ ಇಲ್ಲ. ಕಾಳು ಹಾಕಿದಾಗ ಕಲ್ಲು ಭಾರ, ಸುತ್ತು ನಿಧಾನ. ಕಾಳು ಕರಗಿದ ಹಾಗೆ ಹಗುರ, ಸುತ್ತು ಜೋರು. ಪದ ಕಲ್ಲಿನ ಹಿಂದೆ ಹೋಗುತ್ತೆ. ಆ ಮೂರು ಹಾಡಿನಲ್ಲಿ ಟಿಕ್ ಟಿಕ್ ತೆಗೆದುಹಾಕಿ ಮೊದಲು ಕಲ್ಲನ್ನೇ ರೆಕಾರ್ಡ್ ಮಾಡಿ, ಅದರ ಮೇಲೆ ಹಾಡಿದೆ. ಮಿಕ್ಸ್ ಮಾಡಿದ ಗೆಳೆಯ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ.

‘ನೋಡಾಕೆ’, ‘ಹೋಗಾಕೆ’ ಅಂತ ಹಳ್ಳಿ ಭಾಷೆ ಯಾಕೆ? ಶುದ್ಧವಾಗಿ ಬರೀಬಹುದಿತ್ತಲ್ಲ?

‘ನೋಡಲಿಕ್ಕೆ’ ಅಂತ ಹಾಡಿ ನೋಡಿ. ಒತ್ತಕ್ಷರ ಬಂದು ಉಸಿರನ್ನ ಕತ್ತರಿಸುತ್ತೆ. ‘ನೋಡಲು’ ಅನ್ನಿ, ಉಕಾರಕ್ಕೆ ಬಾಯಿ ಮುಚ್ಚಿಕೊಳ್ಳುತ್ತೆ, ಎಳೆಯೋಕೆ ಜಾಗ ಇಲ್ಲ. ‘ನೋಡಾಕೆ’ಯ ನಡುವಿನ ‘ಡಾ’ ಮೇಲೆ ಎಷ್ಟು ಹೊತ್ತು ಬೇಕಾದರೂ ತೂಗಾಡಬಹುದು. ಹಾಡೋವರಿಗೆ ಅನುಕೂಲ ಆಗೋ ಹಾಗೆ ಸವೆದ ಮಾತು ಅದು. ಶುದ್ಧ, ಅಶುದ್ಧ ಅನ್ನೋದು ಯಾರ ಬಾಯಿಂದ ಅಳೀತೀರಿ ಅನ್ನೋದರ ಮೇಲೆ ಹೋಗುತ್ತೆ.

ಎಂಟನೇ ಹಾಡಿನಲ್ಲಿ ನಾಲ್ಕೈದು ತೆಲುಗು ಮಾತು ಬರುತ್ತೆ. ಅದಕ್ಕೂ ಒಬ್ಬರು ಆಕ್ಷೇಪಿಸಿದ್ರು. ಚಳ್ಳಕೆರೆ, ಮೊಳಕಾಲ್ಮುರು ಕಡೆ ಮನೆಯೊಳಗೆ ತೆಲುಗು, ಅಂಗಳದಲ್ಲಿ ಕನ್ನಡ ಮಾತಾಡೋ ಮನೆಗಳು ಬೇಕಾದಷ್ಟಿವೆ. ಅಲ್ಲಿ ಜಗಳ ಒಂದು ಭಾಷೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತೆ. ಹಾಡು ಜಗಳದ್ದೇ.

ದುರ್ಗದ ಹುಡುಗಿ ಆಗಿ ಓಬವ್ವನ ಮೇಲೆ, ಮದಕರಿ ನಾಯಕರ ಮೇಲೆ ಒಂದು ಹಾಡೂ ಇಲ್ವಾ?

ಇಲ್ಲ. ಹೈದರಾಲಿ ಸೈನ್ಯ, ಕಿಂಡಿ, ಒನಕೆ, 1779ರಲ್ಲಿ ಕೋಟೆ ಬಿದ್ದದ್ದು, ಇದೆಲ್ಲ ನಮಗೆ ಅಂಗನವಾಡಿಯಿಂದ ಬಾಯಿಪಾಠ. ಒಳ್ಳೊಳ್ಳೆ ಹಾಡುಗಳೂ ಆಗಲೇ ಇವೆ. ನನಗೆ ಹೊಸದಾಗಿ ಹೇಳೋಕೆ ಒಂದು ಮಾತು ಸಿಕ್ಕಾಗ ಬರೀತೀನಿ. ಒಂದು ಎಳೆ ಮನಸ್ಸಿನಲ್ಲಿದೆ: ಓಬವ್ವ ನೀರಿಗೆ ಅಂತ ಎದ್ದಾಗ ಗಂಡ ಉಣ್ಣುತ್ತಿದ್ದ ಅಂತ ಕತೆ ಹೇಳ್ತಾರಲ್ಲ, ಆ ಅರ್ಧ ಉಂಡ ತಟ್ಟೆ ಏನಾಯ್ತು? ನೋಡೋಣ.

ವಿಡಿಯೋ ಕೋಟೆ ಮೇಲೆ ಯಾಕೆ ತೆಗೀಲಿಲ್ಲ?

ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಶೂಟಿಂಗ್‌ಗೆ ಮೊದಲೇ ಅರ್ಜಿ ಹಾಕಿ ಅನುಮತಿ ಪಡೀಬೇಕು, ಶುಲ್ಕ ಕಟ್ಟಬೇಕು. ಅದರಲ್ಲಿ ತಪ್ಪೇನಿಲ್ಲ, ನಮ್ಮ ಬಜೆಟ್ಟಿನದು ತಪ್ಪು. ವಿಡಿಯೋ ನಮ್ಮ ಮನೆ ತಾರಸಿ ಮೇಲೆ ತೆಗೆದದ್ದು, ಹಿಂದೆ ಕೋಟೆ ಕಾಣುತ್ತೆ, ಪುಕ್ಕಟೆ.

ಮಾರಿಕಣಿವೆ ಹಾಡು ನಿಮ್ಮ ಮನೆಯ ನಿಜವಾದ ಕತೆನಾ?

ಅರ್ಧ. ಹೊರಗಿನವರಿಗೆ ಹೇಳಬೇಕು: ಮಾರಿಕಣಿವೆ ಅಂದ್ರೆ ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ. 1898ರಲ್ಲಿ ಶುರುವಾಗಿ 1907ಕ್ಕೆ ಮುಗಿದ ಅಣೆಕಟ್ಟು, 130 ಅಡಿ ತುಂಬಬೇಕು. 1933ರಲ್ಲಿ ಒಂದು ಸಲ ತುಂಬಿ ಕೋಡಿ ಬಿತ್ತು. ಅದಾದ ಮೇಲೆ 2022ರ ಸೆಪ್ಟೆಂಬರ್‌ವರೆಗೆ, 89 ವರ್ಷ, ಇಲ್ಲ. ಅಷ್ಟು ವರ್ಷ ‘ಮಾರಿಕಣಿವೆ ಕೋಡಿ ಬಿದ್ದಾಗ ನೋಡೋಣ’ ಅಂದರೆ ನಮ್ಮ ಕಡೆ ‘ಆಗೋದಿಲ್ಲ’ ಅಂತ ಅರ್ಥ. ಸಾಲ ವಾಪಸ್ ಕೇಳಿದವರಿಗೂ ಅದೇ ಉತ್ತರ. 2022ರಲ್ಲಿ ಮಳೆಯೂ ಬಂತು, ಭದ್ರಾ ನೀರೂ ಸೇರಿತ್ತು, ನಿಜವಾಗಿ ಕೋಡಿ ಬಿದ್ದೇಬಿಡ್ತು! ಜನ ಟ್ರ್ಯಾಕ್ಟರ್ ಕಟ್ಟಿಕೊಂಡು ಹೋದರು. ನಮ್ಮ ಮನೆಯಿಂದಲೂ ಎಲ್ಲರೂ ಹೋದ್ವಿ, ಅಮ್ಮ ಒಬ್ಬರು ಬರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, ‘ಬಂದ ನೀರು ಎಲ್ಲಿಗೆ ಹೋಗುತ್ತೆ, ನಾಳೆ ನೋಡ್ತೀನಿ’ ಅಂದ್ರು. ಆ ನಾಳೆ ಅವರ ಪಾಲಿಗೆ ಇನ್ನೂ ಬಂದಿಲ್ಲ. ಮಧ್ಯೆ 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು, ಆಗಲೂ ಹೋಗಲಿಲ್ಲ.

ಆರಿದ ಒಲೆ ಮಾತ್ರ ಸುಳ್ಳು. ನಮ್ಮ ಮನೆಯಲ್ಲಿರೋದು ಗ್ಯಾಸು. ‘ಆರಿದ ಗ್ಯಾಸ ಹಚ್ಯಾಳು’ ಅಂತಾನೂ ಬರೆದು ನೋಡಿದೆ, ಗಣ ಸರಿ ಬಂತು, ಹಾಡು ಬರಲಿಲ್ಲ.

ಎಲ್ಲಿ ಕೇಳಬಹುದು? ನಾವು ಕೇಳಿದರೆ ನಿಮಗೆ ದುಡ್ಡು ಬರುತ್ತಾ?

ಸ್ಪಾಟಿಫೈ, ಜಿಯೋಸಾವನ್, ಯೂಟ್ಯೂಬ್, ಎಲ್ಲ ಕಡೆ ಇದೆ.

ದುಡ್ಡಿನ ವಿಷಯ ಬಿಡಿಸಿ ಹೇಳ್ತೀನಿ, ಯಾರೂ ಹೇಳಲ್ಲ. ಸ್ಪಾಟಿಫೈನಲ್ಲಿ ಒಂದು ಹಾಡನ್ನ ಕನಿಷ್ಠ 30 ಸೆಕೆಂಡ್ ಕೇಳಿದರೆ ಮಾತ್ರ ಲೆಕ್ಕಕ್ಕೆ ಬರುತ್ತೆ. ಜೊತೆಗೆ 2024ರಿಂದ ಇನ್ನೊಂದು ನಿಯಮ: ಹಿಂದಿನ 12 ತಿಂಗಳಲ್ಲಿ ಆ ಹಾಡು 1000 ಸಲ ಕೇಳಿಸಿಕೊಂಡಿರದಿದ್ದರೆ ಒಂದು ಪೈಸೆಯೂ ಇಲ್ಲ. ನನ್ನ ಮೊದಲ ಹಾಡಿನಲ್ಲಿ ನಾನು ಬಾಯಿ ಬಿಡೋದೇ ನಲವತ್ತನೇ ಸೆಕೆಂಡಿಗೆ, ಅಲ್ಲೀತನಕ ಗರಿ ಉರಿಯುತ್ತೆ, ತಮಟೆ ಕಾಯುತ್ತೆ. ‘29ನೇ ಸೆಕೆಂಡಿಗೆ ಬಿಟ್ಟು ಹೋದವರು ನಿನ್ನ ಪಾಲಿಗೆ ಕೇಳೇ ಇಲ್ಲ ಅಂತ’ ಅಂತ ಎಲ್ಲರೂ ಬುದ್ಧಿ ಹೇಳಿದ್ರು. ಊಟಕ್ಕೆ ಮೊದಲು ಕೈ ತೊಳೆಯೋಕೆ ಅಷ್ಟು ಹೊತ್ತು ಬೇಕಲ್ಲ, ಇರಲಿ ಅಂದೆ. ನಿಜ ಹೇಳ್ತೀನಿ, ನಷ್ಟ ಆಗಿದೆ.

ಬೇರೆ ಹಾಡುಗಳಿಗಿಂತ ನಿಮ್ಮದು ಮೆತ್ತಗೆ ಕೇಳುತ್ತಲ್ಲ?

ವಾಲ್ಯೂಮ್ ಏರಿಸಿ.

ಪೆನ್‌ಡ್ರೈವ್‌ಗೆ ಹಾಕಿಕೊಡ್ತೀರಾ?

ಕೊಡ್ತೀನಿ. ಟ್ರ್ಯಾಕ್ಟರ್ ಇಟ್ಟುಕೊಂಡವರು, ಟೆಂಪೋ ಓಡಿಸೋರು, ನಮ್ಮ ದೊಡ್ಡಮ್ಮಂದಿರು ಎಲ್ಲರೂ ಕೇಳೋದು ಇದನ್ನೇ. ಕಾರ್ಯಕ್ರಮಕ್ಕೆ ಬಂದಾಗ ಪೆನ್‌ಡ್ರೈವ್ ತನ್ನಿ. ಒಂಬತ್ತು ಹಾಡು, 36 ನಿಮಿಷ, ಜಾಗ ಹೆಚ್ಚೇನು ಬೇಡ. ಸಿಡಿ ಮಾಡಿಸಿಲ್ಲ. ಕ್ಯಾಸೆಟ್ ಕೇಳಿದವರು ಒಬ್ಬರೇ, ಅವರ ಹತ್ತಿರ ಟೇಪ್ ರೆಕಾರ್ಡರ್ ಇಲ್ಲವಂತೆ.

ನಿಮ್ಮ ಹಾಡನ್ನ ನಾವು ಹಾಡಬಹುದಾ? ಕಾಪಿರೈಟ್ ಅಂತ ಹಿಡೀತಾರಾ?

ಇದಕ್ಕೆ ಸ್ವಲ್ಪ ಉದ್ದ ಉತ್ತರ, ನಾನೇ ಸುಟ್ಟುಕೊಂಡವಳು.

ಎರಡು ವರ್ಷದ ಹಿಂದೆ ಅಜ್ಜಿ ಹಾಡಿದ ಒಂದು ಸೋಬಾನೆಯ ವಿಡಿಯೋ ಯೂಟ್ಯೂಬಿಗೆ ಹಾಕಿದ್ದೆ. ಮಾರನೇ ದಿನವೇ ಕಾಪಿರೈಟ್ ಕ್ಲೇಮ್ ಬಂತು. ಯಾವುದೋ ಕಂಪನಿ ಅದೇ ಧಾಟಿಯನ್ನ ಹಿಂದೆ ಯಾವಾಗಲೋ ಕ್ಯಾಸೆಟ್ಟಿಗೆ ಹಾಡಿಸಿತ್ತಂತೆ. ಯಂತ್ರ ಎರಡನ್ನೂ ಹೋಲಿಸಿ ನೋಡಿ, ‘ಇದು ಅವರದು’ ಅಂತ ತೀರ್ಪು ಕೊಟ್ಟುಬಿಡ್ತು. ಎಂಬತ್ತು ದಾಟಿದ ಅಜ್ಜಿ, ಅವರ ಅವ್ವನಿಂದ ಕಲಿತ ಪದ! ತಕರಾರು ಸಲ್ಲಿಸಿದೆ. ಉತ್ತರ ಕೊಡೋಕೆ ಅವರಿಗೆ 30 ದಿನ ಇರುತ್ತೆ. ಉತ್ತರ ಬರಲಿಲ್ಲ, ಕ್ಲೇಮ್ ತಾನಾಗಿ ಬಿದ್ದುಹೋಯ್ತು. ಆದರೆ ಆ 30 ದಿನ ಅಜ್ಜಿ ಎದುರು ತಲೆ ಎತ್ತಿ ಕೂರೋಕೆ ಆಗಲಿಲ್ಲ.

ಕಾನೂನು ಹೀಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಬರೆದವರ ಹಕ್ಕು ಅವರು ಇರೋತನಕ, ಆಮೇಲೆ 60 ವರ್ಷ. ರೆಕಾರ್ಡಿಂಗ್‌ನ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ. ಯಾರು ಕಟ್ಟಿದ್ದು ಅಂತ ಗೊತ್ತಿಲ್ಲದ ತಲೆಮಾರಿನ ಪದ ಯಾರಪ್ಪನ ಆಸ್ತಿಯೂ ಅಲ್ಲ. ಕಂಪನಿಗೆ ಹಕ್ಕು ಇರೋದು ಅವರು ಮಾಡಿದ ಆ ರೆಕಾರ್ಡಿಂಗ್ ಮೇಲೆ, ಪದದ ಮೇಲೆ ಅಲ್ಲ. ಈ ಎರಡನ್ನ ಕಲಸಿಬಿಡೋದರಲ್ಲೇ ಮೋಸ ಇರೋದು. ಹೊಸದಾಗಿ ಹಾಡು ಬರೆಯೋ ತಮ್ಮ ತಂಗಿಯರಿಗೆ ಇನ್ನೊಂದು ಮಾತು: 2012ರ ತಿದ್ದುಪಡಿ ಆದಮೇಲೆ ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಧನದ ಪಾಲನ್ನ ಕಂಪನಿಗೆ ಬರೆದುಕೊಡೋ ಹಾಗಿಲ್ಲ. ಒಪ್ಪಂದದ ಕಾಗದದಲ್ಲಿ ‘ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟಿದ್ದೇನೆ’ ಅಂತ ಇದ್ದರೆ ಸಹಿಗೆ ಮೊದಲು ಗೊತ್ತಿದ್ದ ವಕೀಲರಿಗೆ ತೋರಿಸಿ. ನಾನು ಮೊದಲ ಕಾಗದಕ್ಕೆ ಸಹಿ ಹಾಕಿದ್ದು ಕ್ಯಾಂಟೀನಿನಲ್ಲಿ, ಟೀ ಲೋಟದ ಪಕ್ಕ ಇಟ್ಟುಕೊಂಡು.

ನನ್ನ ಹಾಡನ್ನ ನೀವು ಮದುವೆಯಲ್ಲಿ, ಅರಿಶಿನ ಶಾಸ್ತ್ರದಲ್ಲಿ, ಮೆರವಣಿಗೆಯಲ್ಲಿ, ಗಣಪತಿ ಮುಂದೆ ಧಾರಾಳವಾಗಿ ಹಾಡಿ. ಮದುವೆಗೆ, ಧಾರ್ಮಿಕ ಕಾರ್ಯಕ್ಕೆ ಹಾಡಿದರೆ ಉಲ್ಲಂಘನೆ ಅಲ್ಲ ಅಂತ ಕಾಯ್ದೆಯೇ ಹೇಳುತ್ತೆ, ನನ್ನನ್ನ ಕೇಳೋದೂ ಬೇಡ. ಶಾಲೆ ಮಕ್ಕಳು ಹಾಡಿದರೆ ವಿಡಿಯೋ ನನಗೂ ಕಳಿಸಿ. ರೀಲ್ಸ್ ಮಾಡಿ. ಜಾಹೀರಾತಿಗೆ ಬೇಕಾದರೆ ಮಾತ್ರ ಕೇಳಿ, ರಾಜಕೀಯ ಪಕ್ಷದವರು ಕೇಳೋ ಶ್ರಮವನ್ನೂ ತಗೋಬೇಡಿ.

ನಮ್ಮ ಮನೆ ಮದುವೆಗೆ ಬಂದು ಹಾಡ್ತೀರಾ? ದಾವಣಗೆರೆಯಲ್ಲಿ ಕಾರ್ಯಕ್ರಮ ಯಾವಾಗ?

ಮದುವೆಗೆ ಬರ್ತೀನಿ, ಎರಡು ಷರತ್ತು. ನಾನು ಹಾಡೋವಾಗ ಡಿಜೆ ಬಂದ್. ಮತ್ತೆ ಸೋಬಾನೆಯ ಸೊಲ್ಲು ಹಿಡಿಯೋಕೆ ನಿಮ್ಮ ಮನೆಯ ಹೆಂಗಸರೇ ನಿಲ್ಲಬೇಕು. ಹಿಮ್ಮೇಳ ಇಲ್ಲದ ಸೋಬಾನೆ ಒಬ್ಬಳೇ ಹಾಡಿದರೆ ದೂರು ಹೇಳಿಕೊಂಡ ಹಾಗಿರುತ್ತೆ.

ದಾವಣಗೆರೆಯವರು 1997ರವರೆಗೆ ನಮ್ಮ ಜಿಲ್ಲೆಯವರೇ, ಬೇರೆ ಜಿಲ್ಲೆ ಆದಮೇಲೆ ಬೆಣ್ಣೆ ದೋಸೆಯನ್ನ ಒಟ್ಟಿಗೇ ತಗೊಂಡು ಹೋದರು ಅಂತ ಸಣ್ಣ ಸಿಟ್ಟಿದೆ. ಜಾಗ ಹುಡುಕ್ತಾ ಇದ್ದೀವಿ. ಮಂಡಕ್ಕಿ-ಮಿರ್ಚಿ ತಿನ್ನುತ್ತಾ ಕೇಳೋ ಹಾಗಿರಬೇಕು ಅನ್ನೋದು ನನ್ನ ಆಸೆ, ಮಂಡಕ್ಕಿ ಸದ್ದು ಮೈಕಿಗೆ ಬರುತ್ತೆ ಅನ್ನೋದು ಸೌಂಡಿನವರ ಚಿಂತೆ.

ಇಷ್ಟು ಅಜ್ಜಿ ಅಜ್ಜಿ ಅಂತೀರಲ್ಲ, ಅವರು ಕೇಳಿ ಏನಂದ್ರು?

ಬಿಡುಗಡೆಗೆ ಒಂದೂವರೆ ತಿಂಗಳು ಮೊದಲು ಊರಿಗೆ ಹೋಗಿ ಕಿವಿಗೆ ಹೆಡ್‌ಫೋನ್ ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. ಮೊದಲ ಎರಡು ಹಾಡಿಗೆ ಏನೂ ಹೇಳಲಿಲ್ಲ. ಮೂರನೇದು ಬೀಸೋ ಪದದ ಧಾಟಿಯದ್ದು, ಕಲ್ಲಿನ ಸದ್ದಿನ ಮೇಲೆ ಹಾಡಿದ್ದು. ಅರ್ಧಕ್ಕೇ ಹೆಡ್‌ಫೋನ್ ತೆಗೆದು ನನ್ನ ಮುಖ ನೋಡಿದರು.

‘ಖಾಲಿ ಕಲ್ಲು ತಿರುವಿದ್ದೀಯಲ್ಲೇ.’

ಹೌದು. ರೆಕಾರ್ಡ್ ಮಾಡೋವಾಗ ಕಾಳು ಹಾಕಿರಲಿಲ್ಲ. ಹಿಟ್ಟು ಚೆಲ್ಲಿ ಮೈಕಿಗೆ ಹೋದೀತು ಅಂತ ಬರೀ ಕಲ್ಲು ತಿರುಗಿಸಿದ್ದೆ. ನಾನು, ಮಿಕ್ಸ್ ಮಾಡಿದವನು, ಬೆಂಗಳೂರಿನಲ್ಲಿ ಮಾಸ್ಟರಿಂಗ್ ಮಾಡಿದವರು, ಮೂರು ಜನಕ್ಕೂ ಗೊತ್ತಾಗಿರಲಿಲ್ಲ. ‘ಕಲ್ಲಿಗೆ ಕಲ್ಲು ತಾಗಿ ಕರಕರ ಅಂತೈತೆ. ಹಂಗೆ ತಿರುವಿದ್ರೆ ಕಲ್ಲು ಸವೀತೈತೆ, ನಮ್ಮತ್ತೆ ಆಗಿದ್ರೆ ಕೈ ಮೇಲೆ ಹೊಡೀತಿದ್ಲು’ ಅಂದ್ರು.

ವಾಪಸ್ ಬಂದು ಮೂರೂ ಹಾಡಿನ ಕಲ್ಲನ್ನ ಮತ್ತೆ ರೆಕಾರ್ಡ್ ಮಾಡಿದ್ವಿ. ಕಲ್ಲಿನ ಲಯ ಬದಲಾಗಿದ್ದಕ್ಕೆ ಹಾಡೂ ಮತ್ತೆ ಹಾಡಬೇಕಾಯ್ತು, ಗಿಟಾರೂ. ಬಿಡುಗಡೆ ಮೂರು ವಾರ ಮುಂದೆ ಹೋಯ್ತು, ಹಲವರು ಫೋನ್ ಮಾಡಿ ಬೈದರಲ್ಲ, ಕಾರಣ ಇದು. ಈಗ ಮೂರನೇ ಹಾಡಿನಲ್ಲಿ ಒಂದೂವರೆ ಸೇರು ರಾಗಿ ಇದೆ. ಎರಡನೇ ನಿಮಿಷದ ಹತ್ತಿರ ಕಲ್ಲಿನ ದನಿ ಒಮ್ಮೆ ದಪ್ಪ ಆಗುತ್ತೆ, ಕೇಳಿ. ಅಲ್ಲಿ ನಮ್ಮಮ್ಮ ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ರಾಗಿ ಹಾಕಿದ್ದು. ಆ ಹಿಟ್ಟಿನಲ್ಲಿ ಅವತ್ತು ರಾತ್ರಿ ಮುದ್ದೆ ಮಾಡಿ, ತಮಟೆಯವರೂ ಸೇರಿ ಏಳು ಜನ ಉಂಡ್ವಿ. ಸ್ವಲ್ಪ ತರಿ ಇತ್ತು.